ಒಂದು ಕಿವಿ ಹೋದರೆ ಲೆಕ್ಕಕ್ಕಿಲ್ಲವೇ?

(ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿ ಸುತ್ತಮುತ್ತಲ ಬಡಾವಣೆಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ.)



ಶುರುವಿಗೇ ಒಂದು ಕೋರಿಕೆ. ನನ್ನ ಎಡಗಡೆ, ಕಿಟಕಿಯ ಪಕ್ಕ ಕೂತಿರುವ ಅಕ್ಕಂದಿರು ಏನಾದರೂ ಕೇಳಬೇಕಿದ್ದರೆ ಕೈ ಎತ್ತಿ. ಕೂಗಬೇಡಿ. ಆ ಕಡೆಯ ಕಿವಿ ನನಗೆ ಕೇಳುವುದಿಲ್ಲ. ನೀವು ಮಾತಾಡಿಸಿದಾಗ ನಾನು ತಿರುಗದಿದ್ದರೆ ಸೊಕ್ಕು ಅಂದುಕೊಳ್ಳಬೇಡಿ.

ಈ ಮಾತನ್ನು ಹೀಗೆ ನಾಲ್ಕು ಜನರ ಮುಂದೆ ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಕೇಳಿದವರಿಗೆಲ್ಲ "ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು" ಎನ್ನುತ್ತಿದ್ದೆ. ನಮ್ಮಮ್ಮನಿಗೂ ಹಾಗೇ ಹೇಳಿದ್ದೆ, ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವಳಿಗೇ! ಅವಳೂ ಸುಮ್ಮನೆ ತಲೆಯಾಡಿಸಿದಳು. ಅವಳಿಗೆ ಗೊತ್ತಿತ್ತು ಎಂದು ನನಗೆ ಗೊತ್ತಿತ್ತು.

ನಡೆದದ್ದು ಇಷ್ಟು. 2003ರಲ್ಲಿ, ಸ್ಕೂಟರ್‌ಗೆ ತವರಿನಿಂದ ದುಡ್ಡು ತರಲಿಲ್ಲ ಎಂದು ನನ್ನ ಗಂಡ ಕೆನ್ನೆಗೆ ಹೊಡೆದ. ಅದು ಮೊದಲನೆಯ ಏಟೂ ಅಲ್ಲ, ಕೊನೆಯದೂ ಅಲ್ಲ. ಆದರೆ ಅವತ್ತು ಕಿವಿತಮಟೆ ಹರಿಯಿತು. ಕೀವು ಬಂತು. ಆಸ್ಪತ್ರೆಗೆ ಕಳಿಸಲಿಲ್ಲ. "ಬಿಸಿ ಎಣ್ಣೆ ಬಿಟ್ಟುಕೋ, ಹೋಗುತ್ತೆ" ಎಂದರು ಅತ್ತೆ. ಗುಣವಾಗುವ ಮೊದಲೇ ಮತ್ತೆ ಅದೇ ಕೆನ್ನೆಗೆ ಏಟು. ಎರಡು ವರ್ಷ ಹೀಗೇ ನಡೆದು, ನಾನು ಆ ಮನೆ ಬಿಟ್ಟು ಬರುವ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು.

ಅಂಗವಿಕಲತೆ ಎಂದರೆ ಯಾವುದು ಎಂದು ಕಾನೂನು ಹೇಗೆ ತೀರ್ಮಾನಿಸುತ್ತದೆ, ಭೇದಭಾವದ ವಿರುದ್ಧ ರಕ್ಷಣೆ ಯಾರಿಗೆ ಸಿಗುತ್ತದೆ, ಇದರ ಬಗ್ಗೆ ಮಾತಾಡಿ ಎಂದು ಇವರು ನನ್ನನ್ನು ಕರೆದಿದ್ದಾರೆ. ವರದಕ್ಷಿಣೆ, ಹೊಡೆತ ಬಡಿತದ ವಿಷಯ ಮಾತಾಡುವ ನಮ್ಮ ಸಭೆಯಲ್ಲಿ ಇದೇಕೆ ಎಂದು ನಿಮಗನ್ನಿಸಬಹುದು. ಅಂಗವಿಕಲತೆ ಎಂದರೆ ಹುಟ್ಟಿನಿಂದ ಬಂದದ್ದು, ಪೋಲಿಯೋದಿಂದ ಬಂದದ್ದು, ಅಪಘಾತದಿಂದ ಬಂದದ್ದು ಎಂದು ನಾವು ಅಂದುಕೊಂಡಿದ್ದೇವೆ. ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ತಯಾರಾಗುವ ಅಂಗವಿಕಲತೆಯನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ನಾವೇ ಕರೆಯುವುದಿಲ್ಲ.

ನಾನು ವಕೀಲಳಲ್ಲ. ಇಲ್ಲೇ ಪಕ್ಕದಲ್ಲಿ, ನಾಗರಭಾವಿಯಲ್ಲಿ, ಇಡೀ ದೇಶಕ್ಕೆ ಹೆಸರಾದ ರಾಷ್ಟ್ರೀಯ ಕಾನೂನು ಶಾಲೆ ಇದೆ. ಅಲ್ಲಿಯವರು ನನಗಿಂತ ಚೆನ್ನಾಗಿ ಹೇಳಿಯಾರು. ನಾನು ನಮ್ಮ ಸಂಘದ ಲೆಕ್ಕ ಬರೆಯುವವಳು. ಆದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ.

2018ರಲ್ಲಿ ಒಂದು ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸಕ್ಕಿದ್ದೆ. ನನ್ನ ಸ್ಟೂಲನ್ನು ಹಾಕಿದ್ದ ಜಾಗ ಹೇಗಿತ್ತೆಂದರೆ, ಗಿರಾಕಿಗಳೆಲ್ಲ ಎಡಗಡೆಯಿಂದ ಬರುತ್ತಿದ್ದರು. ಕರೆದರೆ ನನಗೆ ಕೇಳುತ್ತಿರಲಿಲ್ಲ. ದೂರು ಹೋಯಿತು. ನಾನು ಮಾಲೀಕರಿಗೆ ವಿಷಯ ಹೇಳಿ, "ಸ್ಟೂಲನ್ನು ಈ ಗೋಡೆಯಿಂದ ಆ ಗೋಡೆಗೆ ಹಾಕಿಬಿಡಿ ಸಾರ್, ಸಾಕು" ಎಂದೆ. ಅವರು ಸ್ಟೂಲು ಸರಿಸಲಿಲ್ಲ, ನನ್ನನ್ನು ಸರಿಸಿದರು. "ಕಿವುಡರನ್ನೆಲ್ಲ ಇಟ್ಟುಕೊಂಡು ವ್ಯಾಪಾರ ಮಾಡೋಕಾಗತ್ತೇನಮ್ಮ" ಎಂದರು.

ಸರಿ, ಕಿವುಡಿ ಎಂದಾದ ಮೇಲೆ ಕಿವುಡಿಗೆ ಸಿಗುವುದಾದರೂ ಸಿಗಲಿ ಎಂದು 2019ರಲ್ಲಿ ಒಂದು ಆಸ್ಪತ್ರೆಗೆ ಹೋದೆ. ಗಾಜಿನ ಡಬ್ಬದಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಡಾಕ್ಟರು ಒಳ್ಳೆಯವರು, ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ನೀವೂ ಬರೆದುಕೊಳ್ಳಿ. ಚೆನ್ನಾಗಿರುವ ಕಿವಿಯ ನಷ್ಟವನ್ನು ಐದರಿಂದ ಗುಣಿಸಬೇಕು. ಕೆಟ್ಟಿರುವ ಕಿವಿಯ ನಷ್ಟವನ್ನು ಅದಕ್ಕೆ ಕೂಡಿಸಬೇಕು. ಬಂದದ್ದನ್ನು ಆರರಿಂದ ಭಾಗಿಸಬೇಕು. ನನ್ನ ಬಲಗಿವಿಯ ನಷ್ಟ ಸೊನ್ನೆ, ಐದು ಸಲ ಸೊನ್ನೆಯೂ ಸೊನ್ನೆಯೇ. ಎಡಗಿವಿಯ ನಷ್ಟ ನೂರಕ್ಕೆ ನೂರು. ನೂರನ್ನು ಆರರಿಂದ ಭಾಗಿಸಿದರೆ 16.67. ನಾನು ಶೇಕಡಾ 17ರ ಕಿವುಡಿ! ಬೇಕಾದದ್ದು 40. "ಸರ್ಟಿಫಿಕೇಟಿನಿಂದ ನಿಮಗೆ ಉಪಯೋಗ ಇಲ್ಲಮ್ಮ" ಎಂದರು ಡಾಕ್ಟರು. ಕಾಗದ ಮಡಚಿಕೊಂಡು ಮನೆಗೆ ಬಂದೆ.

ಅಂಗಡಿಯವನ ಲೆಕ್ಕದಲ್ಲಿ ನಾನು ಕೆಲಸಕ್ಕೆ ಬಾರದಷ್ಟು ಕಿವುಡಿ. ಸರ್ಕಾರದ ಲೆಕ್ಕದಲ್ಲಿ ಕಿವುಡಿಯೇ ಅಲ್ಲ. ಕಿವಿ ಅದೇ.

ಆಗ ಸುಮ್ಮನೆ ಮನೆಗೆ ಬಂದದ್ದು ನನ್ನ ತಪ್ಪು ಎಂದು ನನಗೆ ತಿಳಿದದ್ದು ಆಮೇಲೆ. ಆ ತಪ್ಪು ಏನೆಂದು ನಿಮಗೆ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆಂದು ಮೊದಲು ಬಂದ ದೊಡ್ಡ ಕಾಯ್ದೆ 1995ರದ್ದು. 1996ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಏಳು ಬಗೆಯ ವಿಕಲತೆಗಳ ಪಟ್ಟಿ ಇತ್ತು. ಆ ಏಳರಲ್ಲಿ ಒಂದು ಇರಬೇಕು, ಡಾಕ್ಟರು ಅದನ್ನು ಶೇಕಡಾ 40ಕ್ಕೆ ಕಡಿಮೆಯಿಲ್ಲ ಎಂದು ಬರೆದುಕೊಡಬೇಕು, ಆಗ ಮಾತ್ರ ನೀವು ಅಂಗವಿಕಲ ವ್ಯಕ್ತಿ. 39 ಬಂದರೆ ಆ ಕಾಯ್ದೆಯ ಹೊಸಿಲನ್ನೇ ದಾಟುವಂತಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆದು ಜನರ ತಲೆಯಲ್ಲಿ 40 ಎಂಬ ಅಂಕಿ ಕೂತುಬಿಟ್ಟಿತು. ಆಫೀಸುಗಳಲ್ಲಿ, ಆಸ್ಪತ್ರೆಗಳಲ್ಲಿ, ನಮ್ಮ ಮನಸ್ಸಿನಲ್ಲಿ ಅದು ಈಗಲೂ ಕೂತೇ ಇದೆ.

ಆ ಕಾಯ್ದೆ ಈಗ ಇಲ್ಲ. 2016ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎಂಬ ಹೊಸ ಕಾಯ್ದೆ ಬಂತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದು ಕೇಂದ್ರದ ಕಾಯ್ದೆ. ನಡೆಸಿಕೊಡಬೇಕಾದದ್ದು ಹೆಚ್ಚಾಗಿ ರಾಜ್ಯ ಸರ್ಕಾರ, ರಾಜ್ಯದ ಆಯುಕ್ತರು. ಏಳಿದ್ದ ಪಟ್ಟಿ 21 ಆಯಿತು ಎಂದು ಪತ್ರಿಕೆಗಳಲ್ಲಿ ಬಂತು. ಎಲ್ಲರೂ ಪಟ್ಟಿಯನ್ನು ನೋಡಿದರು. ಪಟ್ಟಿಗಿಂತ ದೊಡ್ಡದೊಂದು ಬದಲಾವಣೆ ಅದರ 2ನೇ ಕಲಮಿನಲ್ಲಿತ್ತು. ಅಲ್ಲಿ ಒಂದಲ್ಲ, ಎರಡು ವ್ಯಾಖ್ಯೆಗಳಿವೆ.

'ಎಸ್' ಎಂಬ ಖಂಡದಲ್ಲಿ 'ಅಂಗವಿಕಲ ವ್ಯಕ್ತಿ' ಎಂದರೆ ಯಾರು ಎಂದಿದೆ. ದೇಹದಲ್ಲೋ, ಮನಸ್ಸಿನಲ್ಲೋ, ಬುದ್ಧಿಯಲ್ಲೋ, ಇಂದ್ರಿಯಗಳಲ್ಲೋ ದೀರ್ಘಕಾಲದ ಊನವಿದ್ದು, ಆ ಊನವೂ ಎದುರಿಗಿರುವ ಅಡ್ಡಿಗಳೂ ಸೇರಿ, ಬೇರೆಯವರಿಗೆ ಸಮನಾಗಿ ಸಮಾಜದಲ್ಲಿ ಪಾಲ್ಗೊಳ್ಳಲು ಯಾರಿಗೆ ತಡೆಯಾಗುತ್ತದೋ ಅವರು. ಇಷ್ಟೇ. ಇದರಲ್ಲಿ ಶೇಕಡಾ ಇಲ್ಲ. 40 ಎಂಬ ಅಂಕಿ ಇಲ್ಲ. ಇನ್ನೊಂದು, 'ಆರ್' ಖಂಡ. ಅದರಲ್ಲಿ 'ಬೆಂಚ್‌ಮಾರ್ಕ್ ಅಂಗವಿಕಲತೆ' ಎಂಬ ಮಾತಿದೆ. 40 ಇರುವುದು ಅಲ್ಲಿ.

ನಮ್ಮ ಸಂಘದ ಮಾತಿನಲ್ಲಿ ಹೇಳುವುದಾದರೆ, ಸದಸ್ಯತ್ವ ಬೇರೆ, ಸಾಲ ಬೇರೆ. ಸಾಲಕ್ಕೆ ಇಷ್ಟು ತಿಂಗಳ ಉಳಿತಾಯ ಆಗಿರಬೇಕು ಎಂಬ ನಿಯಮ ಇಟ್ಟುಕೊಳ್ಳುತ್ತೇವೆ. ಹಾಗೆಂದು ಉಳಿತಾಯ ಕಡಿಮೆ ಇರುವ ಸದಸ್ಯೆಯನ್ನು ಸಭೆಯಲ್ಲಿ ಯಾರಾದರೂ ಬೈಯಬಹುದೇ? ಮೀಸಲಾತಿಗೆ, ಮಾಸಾಶನಕ್ಕೆ 40ರ ಗೆರೆ ಇದೆ. ಭೇದಭಾವ ಮಾಡಬಾರದು ಎನ್ನುವ 3ನೇ ಕಲಮಿಗೆ, ಹಿಂಸೆಯಿಂದ ರಕ್ಷಿಸುವ 7ನೇ ಕಲಮಿಗೆ, ಶಿಕ್ಷೆ ವಿಧಿಸುವ 92ನೇ ಕಲಮಿಗೆ ಆ ಗೆರೆ ಇಲ್ಲ. ಅಲ್ಲಿ ಹೇಳಿರುವುದು 'ಅಂಗವಿಕಲ ವ್ಯಕ್ತಿ' ಎಂದಷ್ಟೇ.

ಇದು ನನ್ನ ಬಾಯಿಮಾತಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು. ಬರೆಯಲು ಕೂತರೆ ಅವರ ಕೈ ಸೆಟೆದುಕೊಳ್ಳುತ್ತಿತ್ತು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಬರೆದುಕೊಡುವವರೊಬ್ಬರು ಬೇಕು ಎಂದು ಕೇಳಿದರು. ನಿಮಗೆ 40 ಇಲ್ಲ, ಕೊಡುವುದಿಲ್ಲ ಎಂಬ ಉತ್ತರ ಬಂತು. ಸುಪ್ರೀಂ ಕೋರ್ಟು, 40ರ ಗೆರೆಯನ್ನು ಕಾಯ್ದೆ ಎಲ್ಲಿ ಹಾಕಿದೆಯೋ ಅಲ್ಲಿ ಮಾತ್ರ ನೋಡಬೇಕು, ಬೇರೆ ಹಕ್ಕುಗಳಿಗೆಲ್ಲ ಅದನ್ನು ಎಳೆದು ತರಬಾರದು ಎಂದು ತೀರ್ಪು ಕೊಟ್ಟಿತು.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿದಾಗ ನಾನು ನಗುವುದೋ ಅಳುವುದೋ ತಿಳಿಯದೆ ಕೂತೆ. 'ಸೂಕ್ತ ಹೊಂದಾಣಿಕೆ.' ಹೊಂದಾಣಿಕೆ! ಮದುವೆಯ ದಿನದಿಂದ ನಮ್ಮ ಕಿವಿಗೆ, ನನಗಾದರೆ ಎರಡೂ ಕಿವಿ ಇದ್ದಾಗಿನಿಂದ, ಬೀಳುತ್ತಾ ಬಂದ ಮಾತು. ಹೊಂದಿಕೊಂಡು ಹೋಗಮ್ಮ. ಗಂಡ ಹೊಡೆದರೂ ಹೊಂದಿಕೋ, ಅತ್ತೆ ಬೈದರೂ ಹೊಂದಿಕೋ. ಇಲ್ಲಿ ಕಾಯ್ದೆ ಎದುರಿಗಿರುವವರಿಗೆ ಹೇಳುತ್ತಿದೆ: ಅತಿಯಾದ ಹೊರೆಯಾಗದಷ್ಟು ಮಟ್ಟಿಗೆ ನೀವು ಹೊಂದಿಸಿಕೊಡಿ, ಅದನ್ನು ನಿರಾಕರಿಸುವುದೂ ಭೇದಭಾವವೇ. ನಾನು ಕೇಳಿದ್ದು ಒಂದು ಸ್ಟೂಲನ್ನು ನಾಲ್ಕಡಿ ಸರಿಸಿ ಎಂದು.

ಹಾಗಾದರೆ ಅಂಗಡಿಯವನ ಮೇಲೆ ಕೇಸು ಹಾಕಿದ್ದರೆ ಗೆಲ್ಲುತ್ತಿದ್ದೆನೇ? ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಕೆಲಸದಲ್ಲಿ ಭೇದಭಾವ ಮಾಡಬಾರದು ಎನ್ನುವ 20ನೇ ಕಲಮು ನೇರವಾಗಿ ಕಟ್ಟಿಹಾಕುವುದು ಸರ್ಕಾರಿ ಸಂಸ್ಥೆಗಳನ್ನು. ಖಾಸಗಿಯವರಿಗೆ ಇರುವುದು 21ನೇ ಕಲಮು, ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು ಎಂದು. 3ನೇ ಕಲಮಿನಲ್ಲೂ ಒಂದು ಕಂಡಿ ಬಿಟ್ಟಿದ್ದಾರೆ: ನ್ಯಾಯವಾದ ಉದ್ದೇಶಕ್ಕೆ ಅಗತ್ಯವಿರುವಷ್ಟೇ ಕ್ರಮ ಎಂದು ತೋರಿಸಿಕೊಟ್ಟರೆ ಅದು ಭೇದಭಾವ ಅಲ್ಲವಂತೆ. ತೋರಿಸಿಕೊಡುವ ಭಾರ ನಮ್ಮ ಮೇಲಿಲ್ಲ, ಅದೊಂದೇ ಸಮಾಧಾನ. ಆದರೂ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಒಂದು ಅರ್ಜಿ ಬರೆಯಬಹುದಿತ್ತು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಅವರಿಗಿದೆ. ಕಾಯ್ದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ಎಂದಿದೆ. ಒಂದು ನೋಟೀಸು ಹೋಗಿದ್ದರೆ ಸ್ಟೂಲು ತಾನಾಗಿ ಸರಿಯುತ್ತಿತ್ತೋ ಏನೋ. ನಾನು ಬರೆಯಲಿಲ್ಲ, 17 ಎಂದ ಕೂಡಲೇ ನನಗೆ ಹಕ್ಕೇ ಇಲ್ಲ ಅಂದುಕೊಂಡೆ.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ, ಏಕೆಂದರೆ ಇದು ನಮ್ಮ ಮನೆಗಳ ಒಳಗಿನ ವಿಷಯ.

ಪಟ್ಟಿಯಲ್ಲಿ ಕಿವುಡುತನ ಎಂದರೆ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟ. ಮಂದ ಕಿವಿ ಎಂದರೆ ಎರಡೂ ಕಿವಿಗಳಲ್ಲಿ 60ರಿಂದ 70. ಕಣ್ಣನ್ನು ಅಳೆಯುವುದು ಚೆನ್ನಾಗಿ ಕಾಣುವ ಕಣ್ಣಿನಿಂದ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇಕಡಾ 30, ಅಷ್ಟೇ. ಈಗ ಯೋಚನೆ ಮಾಡಿ. ಮನೆಯಲ್ಲಿ ಹೊಡೆತ ಹೇಗೆ ಬೀಳುತ್ತದೆ? ಹೊಡೆಯುವವನು ಎದುರಿಗೆ ನಿಂತಿರುತ್ತಾನೆ, ಹೆಚ್ಚಿನವರು ಬಲಗೈಯವರು. ಬಲಗೈ ಬೀಳುವುದು ನಮ್ಮ ಎಡಗೆನ್ನೆಗೆ. ಎಡಗಿವಿಗೆ, ಎಡಗಣ್ಣಿಗೆ. ಸೌದೆ ಎತ್ತಿದರೆ ನಾವು ಅಡ್ಡ ಹಿಡಿಯುವುದು ಒಂದು ಕೈ. ಮನೆಯೊಳಗಿನ ಹಿಂಸೆ ಜೋಡಿಯಲ್ಲಿ ಒಂದನ್ನು ಕಿತ್ತುಕೊಳ್ಳುತ್ತದೆ. ಪಟ್ಟಿ ಜೋಡಿಯನ್ನೇ ಕೇಳುತ್ತದೆ.

ಬೇಡ, ಪಟ್ಟಿ ಮಾಡಿದವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಎರಡೂ ಕಣ್ಣಿಲ್ಲದವಳಿಗೆ ಮೊದಲು ಮಾಸಾಶನ ಸಿಗಲಿ, ನನಗಿಂತ ಮೊದಲೇ ಸಿಗಲಿ. ಆದರೆ ಇದೇ ದೇಶದ ಅಪರಾಧ ಕಾನೂನು ಬೇರೆ ಥರ ಎಣಿಸುತ್ತದೆ. ಹಳೆಯ ದಂಡ ಸಂಹಿತೆಯ 320ನೇ ಕಲಮು, 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು, ಎರಡರಲ್ಲೂ ತೀವ್ರ ಗಾಯ ಎಂದರೆ ಏನೆಂದು ಬರೆದಿದೆ. ಯಾವುದಾದರೂ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಗುವುದು. ಯಾವುದಾದರೂ ಒಂದು ಕಿವಿ ಶಾಶ್ವತವಾಗಿ ಕೇಳದಾಗುವುದು. ಒಂದು ಅಂಗ ಅಥವಾ ಕೀಲು ಹೋಗುವುದು. ತಲೆ ಅಥವಾ ಮುಖ ಶಾಶ್ವತವಾಗಿ ವಿರೂಪವಾಗುವುದು. ಅಂದರೆ ನನ್ನ ಗಂಡನ ಲೆಕ್ಕಕ್ಕೆ ಒಂದು ಕಿವಿ ಸಾಕು, ಅದು ಘೋರ ಅಪರಾಧ. ನಾನು ಅವತ್ತು ದೂರು ಕೊಟ್ಟಿರಲಿಲ್ಲ, ಆ ಮಾತು ಬೇರೆ. "ಸಂಸಾರ ಅಂದಮೇಲೆ ಒಂದೇಟು ಬೀಳದೇ ಇರುತ್ತಾ" ಎನ್ನುವವರಿಗೆ ನೀವು ಈ ಕಲಮನ್ನು ಹೇಳಬಹುದು.

ಇನ್ನು ಸುಟ್ಟ ಗಾಯದ ವಿಷಯ. ನಮ್ಮ ಸಂಘದಲ್ಲಿ ಒಬ್ಬಳು ತಂಗಿ ಇದ್ದಾಳೆ. ಹೆಸರು ಹೇಳುವುದಿಲ್ಲ, ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. 2011ರಲ್ಲಿ ಅತ್ತೆಮನೆಯಲ್ಲಿ ಅವಳಿಗೆ ಬೆಂಕಿ ಬಿತ್ತು. ಆಸ್ಪತ್ರೆಯಲ್ಲಿ ಗಂಡ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ. ಪೊಲೀಸರು ಕೇಳಿದಾಗ "ಸ್ಟೌ ಸಿಡಿಯಿತು" ಎಂದಳು. ಮಗು ಅತ್ತೆಯ ಹತ್ತಿರ ಇತ್ತು, ಇನ್ನೇನು ಹೇಳಿಯಾಳು? ಬದುಕಿದಳು. ಕುತ್ತಿಗೆಯ ಚರ್ಮ ಎದೆಗೆ ಎಳೆದುಕೊಂಡಿದೆ, ಬಲಗೈಯ ಮೂರು ಬೆರಳು ಮಡಚಿಕೊಂಡು ಬಿಚ್ಚುವುದಿಲ್ಲ.

ಅವಳು ಮೊದಲು ಮೈಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ವಾಪಸು ಹೋದರೆ, ಈ ಕೈಯಲ್ಲಿ ಮಿಷನ್ನು ಓಡಿಸಲು ಆಗುವುದಿಲ್ಲ ಎಂದು ಕಳಿಸಿದರು. ಬೇರೆ ಕಡೆ ಹೆಲ್ಪರ್ ಕೆಲಸ ಕೇಳಿದಳು. ಮುಖ ನೋಡಿ, ಜಾಗ ಇಲ್ಲ ಎಂದರು. ಜೀವನಾಂಶಕ್ಕೆ ಅರ್ಜಿ ಹಾಕಿದಳು. ಪಾಟಿ ಸವಾಲಿನಲ್ಲಿ ಗಂಡನ ಕಡೆಯ ವಕೀಲರು, "ನಿಮಗೆ ಅಂಗವಿಕಲತೆಯ ಸರ್ಟಿಫಿಕೇಟ್ ಇದೆಯಾ? ಇಲ್ಲವಲ್ಲ. ಟೈಲರಿಂಗ್ ಬರುತ್ತದಲ್ಲ. ದುಡಿದು ತಿನ್ನಬಹುದಲ್ಲ" ಎಂದರು. ಅದೇ ಗಂಡ ಊರಲ್ಲಿ, "ಕೈಲಾಗದವಳನ್ನು ಕಟ್ಟಿಕೊಂಡು ನಾನೇನು ಮಾಡಲಿ" ಎಂದು ಎರಡನೆಯದಕ್ಕೆ ಹೆಣ್ಣು ಹುಡುಕುತ್ತಿದ್ದ. ಸರ್ಟಿಫಿಕೇಟಿಗೆ ಹೋದಾಗ ಅವಳ ಕೀಲುಗಳನ್ನು ಅಳೆದರು, ಬೆರಳು ಎಷ್ಟು ಮಡಚುತ್ತದೆ, ಕುತ್ತಿಗೆ ಎಷ್ಟು ತಿರುಗುತ್ತದೆ ಎಂದು. ಬಂದದ್ದು 36. ಮುಖಕ್ಕೆ ಆದದ್ದನ್ನು ಅಳೆಯುವ ಜಾಗವೇ ಆ ಫಾರಮ್ಮಿನಲ್ಲಿ ಇರಲಿಲ್ಲ.

ಅದೇ ಮುಖಕ್ಕೆ ಆಸಿಡ್ ಬಿದ್ದಿದ್ದರೆ ಇಂದಿನ ಪಟ್ಟಿಯಲ್ಲಿ ಜಾಗ ಇದೆ. ಅದು ಹೇಗೆ ಬಂತೆಂದು ತಿಳಿಯುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ನಮ್ಮ ಬೆಂಗಳೂರಿನ ಪಾಲಿದೆ. 1999ರಲ್ಲಿ ಹಸೀನಾ ಹುಸೇನ್ ಎಂಬ ಹೆಣ್ಣುಮಗಳ ಮೇಲೆ, ಅವರು ಹಿಂದೆ ಕೆಲಸ ಮಾಡುತ್ತಿದ್ದ ಕಡೆಯ ಮಾಲೀಕ ಆಸಿಡ್ ಸುರಿದ. ಎರಡೂ ಕಣ್ಣು ಹೋದವು. ಅವರು ಮನೆಯಲ್ಲಿ ಅಡಗಿ ಕೂರಲಿಲ್ಲ. 2003ರಲ್ಲಿ ಇಲ್ಲಿನ ಹೆಣ್ಣುಮಕ್ಕಳು ಆಸಿಡ್ ದಾಳಿಯ ವಿರುದ್ಧ ಒಂದು ಹೋರಾಟ ವೇದಿಕೆ ಕಟ್ಟಿಕೊಂಡರು. 2006ರಲ್ಲಿ ಕರ್ನಾಟಕ ಹೈಕೋರ್ಟು ಹಸೀನಾ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. 2013ರಲ್ಲಿ ಆಸಿಡ್ ದಾಳಿಗೇ ಪ್ರತ್ಯೇಕ ಕಲಮು ಬಂತು. 2015ರ ಡಿಸೆಂಬರಿನಲ್ಲಿ ಪರಿವರ್ತನ ಕೇಂದ್ರ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಆಸಿಡ್ ದಾಳಿಗೆ ಒಳಗಾದವರನ್ನು ಅಂಗವಿಕಲರ ಪಟ್ಟಿಗೆ ಸೇರಿಸುವುದನ್ನು ಯೋಚಿಸಿ ಎಂದು ರಾಜ್ಯಗಳಿಗೆ ಹೇಳಿತು. ಮರುವರ್ಷದ ಕಾಯ್ದೆಯಲ್ಲಿ ಸೇರಿತು. ಪಟ್ಟಿ ತಾನಾಗಿ ಬೆಳೆಯಲಿಲ್ಲ.

ಸೇರಿಸುವಾಗಲೂ ಮಾತನ್ನು ಅಳೆದು ಹಾಕಿದ್ದಾರೆ. 2016ರಲ್ಲಿ ಬರೆದದ್ದು, ಆಸಿಡ್ ಅಥವಾ ಅಂಥದ್ದನ್ನು 'ಎರಚಿ' ಮಾಡಿದ ದಾಳಿಯಿಂದ ವಿರೂಪಗೊಂಡವರು ಎಂದು. ಬಾಯಿಗೆ ಸುರಿದು ಕುಡಿಸಿದರೆ? ಗಂಟಲು, ಕರುಳು ಸುಟ್ಟು ಜೀವಮಾನವಿಡೀ ನಳಿಕೆಯಲ್ಲಿ ಗಂಜಿ ಕುಡಿಯುವವರಿದ್ದಾರೆ. ಹೊರಗೆ ಮುಖ ಚೆನ್ನಾಗಿರುತ್ತದೆ. ಅಪರಾಧ ಕಾನೂನು 2013ರಲ್ಲೇ ಎರಚುವುದನ್ನೂ ಕುಡಿಸುವುದನ್ನೂ ಎರಡನ್ನೂ ಹೆಸರಿಸಿತ್ತು. ಅಂಗವಿಕಲರ ಪಟ್ಟಿ ಒಂದನ್ನು ಮಾತ್ರ ಹೆಸರಿಸಿತು. ಈ ಪ್ರಶ್ನೆ 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು, ಅದನ್ನು ಒಯ್ದವರೂ ಆಸಿಡ್ ದಾಳಿಯಿಂದ ಬದುಕಿ ಉಳಿದ ಹೆಣ್ಣುಮಗಳೇ.

ಆದರೆ ಬೆಂಕಿ? ನಮ್ಮ ಕರ್ನಾಟಕದ ಅತ್ತೆಮನೆಗಳಲ್ಲಿ ಹೆಚ್ಚು ಹೆಣ್ಣುಮಕ್ಕಳನ್ನು ಸುಟ್ಟದ್ದು ಆಸಿಡ್ ಅಲ್ಲ, ಸೀಮೆಎಣ್ಣೆ. 1990ರ ದಶಕದ ಕೊನೆಯಲ್ಲಿ ವಿಮೋಚನಾದ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಪೊಲೀಸ್ ಕಡತಗಳಲ್ಲಿ 'ಸ್ಟೌ ಸ್ಫೋಟ', 'ಅಡುಗೆಮನೆ ಅಪಘಾತ' ಎಂದು ಮುಚ್ಚಿಹೋಗುತ್ತಿದ್ದ ಸಾವುಗಳನ್ನು ಬೆಳಕಿಗೆ ತಂದರು. ಅವರು ಎಣಿಸಿದ್ದು ಸತ್ತವರನ್ನು, ಎಣಿಸಲೇಬೇಕಿತ್ತು. ಬದುಕಿ ಮನೆಗೆ ಹೋದವರನ್ನು ಯಾವ ಕಡತ ಎಣಿಸಿತು? 1986ರಲ್ಲಿ ಬಂದ ವರದಕ್ಷಿಣೆ ಸಾವಿನ ಕಲಮು, ಆಗ 304 ಬಿ, ಈಗ ನ್ಯಾಯ ಸಂಹಿತೆಯ 80, 'ಸುಟ್ಟ ಗಾಯ' ಎಂಬ ಮಾತಿನಿಂದಲೇ ಶುರುವಾಗುತ್ತದೆ. ಹೆಣ್ಣು ಸತ್ತರೆ ಸುಟ್ಟ ಗಾಯ ಕಾನೂನಿಗೆ ಕಾಣುತ್ತದೆ. ಅವಳು ಬದುಕಿಬಿಟ್ಟರೆ, ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುತ್ತದೆ.

ನಮ್ಮ ತಂಗಿಗೆ ಈಗ ಕಾರ್ಡು ಸಿಕ್ಕಿದೆ. ಯು.ಡಿ.ಐ.ಡಿ. ಕಾರ್ಡು 40ಕ್ಕಿಂತ ಕಡಿಮೆ ಇದ್ದವರಿಗೂ ಕೊಡುತ್ತಾರೆ, ಅದಕ್ಕೆ ಬಿಳಿ ಬಣ್ಣದ ಪಟ್ಟಿ. 40ರ ಮೇಲೆ ಹಳದಿ, 80ರ ಮೇಲೆ ನೀಲಿ. ಬಿಳಿ ಪಟ್ಟಿಗೆ ಮಾಸಾಶನ ಇಲ್ಲ. ಆದರೆ ಕೋರ್ಟಿನಲ್ಲಿ ಮುಂದಿನ ಸಲ ವಕೀಲರು ಕೇಳಿದಾಗ ಅವಳು ಅದನ್ನು ತೆಗೆದು ತೋರಿಸಿದಳು. "ಟೈಲರಿಂಗ್ ಬರುತ್ತದೆ, ಬೆರಳು ಬರುವುದಿಲ್ಲ" ಎಂದಳು. ಜೀವನಾಂಶ ಮಂಜೂರಾಯಿತು. ಕಡಿಮೆಯೇ, ಅದೂ ತಿಂಗಳು ತಿಂಗಳು ಬರುವುದಿಲ್ಲ. ಆದರೂ ಆದೇಶದಲ್ಲಿ ಅವಳ ಕೈಯ ವಿಷಯ ಒಂದು ಸಾಲು ಬರೆದಿದ್ದಾರೆ. ಅದನ್ನು ಅವಳು ಎಲ್ಲರಿಗೂ ಓದಿ ಹೇಳುತ್ತಾಳೆ.

ಅವಳ ಇನ್ನೊಂದು ಕಷ್ಟ ಬ್ಯಾಂಕಿನದು. ಬೆರಳಚ್ಚು ಮಿಷನ್ನಿನಲ್ಲಿ ಅವಳ ಬೆರಳು ಹಿಡಿಯುವುದಿಲ್ಲ. ಸಂಘದ ಸಾಲ ಬಂದಾಗ ಅವಳೊಬ್ಬಳದು ನಿಂತುಹೋಯಿತು. ಇದಕ್ಕೆ ಉಪಯೋಗಕ್ಕೆ ಬರುವ ತೀರ್ಪೊಂದು 2025ರ ಏಪ್ರಿಲ್ 30ರಂದು ಬಂದಿದೆ. ಕಣ್ಣು ಮಿಟುಕಿಸಿ ತೋರಿಸಿ ಎಂದು ಬ್ಯಾಂಕು ಕೇಳಿದಾಗ, ಆಸಿಡ್‌ನಿಂದ ಕಣ್ಣು ಹೋದವರು ಹೇಗೆ ಮಿಟುಕಿಸುವುದು ಎಂದು ಪ್ರಜ್ಞಾ ಪ್ರಸೂನ್ ಎಂಬುವರು ಕೇಳಿದ್ದರು. ಗುರುತು ಪರಿಶೀಲನೆಯ ವಿಧಾನ ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂದು ಸುಪ್ರೀಂ ಕೋರ್ಟು 20 ನಿರ್ದೇಶನ ಕೊಟ್ಟಿತು. 'ಎಸ್' ಖಂಡದ 'ಅಡ್ಡಿ' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬೆರಳು ಅವಳದು, ಆದರೆ ಬೆರಳನ್ನೇ ಕೇಳುವ ಮಿಷನ್ನು ಅವಳದಲ್ಲ. ಮುಖ ಮಾತ್ರ ಸುಟ್ಟಿರುವವರೂ ಈ ಖಂಡದ ಕೆಳಗೆ ಬರುತ್ತಾರೆ ಎಂದು ವಾದಿಸಬಹುದು. ನಮ್ಮ ಕಡೆಯಿಂದ ಯಾರಾದರೂ ವಾದಿಸಬೇಕು.

ಹುಟ್ಟಿನಿಂದಲೇ ಅಂಗವಿಕಲರಾಗಿರುವ ಸೋದರಿಯರೂ ಇಲ್ಲಿದ್ದೀರಿ. ನಿಮ್ಮ ಕಥೆ ಇನ್ನೊಂದು ಕಡೆಯಿಂದ ಶುರುವಾಗುತ್ತದೆ. ಕಾಲು ಸರಿಯಿಲ್ಲ ಎಂದು ಐವತ್ತು ಗ್ರಾಂ ಜಾಸ್ತಿ ಕೇಳುತ್ತಾರೆ, ಕೊಟ್ಟ ಮೇಲೂ "ಇಂಥವಳನ್ನು ಮದುವೆಯಾದದ್ದೇ ಹೆಚ್ಚು" ಎನ್ನುತ್ತಾರೆ. ನಿಮಗೆ 92ನೇ ಕಲಮು ಚೆನ್ನಾಗಿ ಗೊತ್ತಿರಬೇಕು. ನಿಮ್ಮ ಮೇಲೆ ಹಿಡಿತ ಇರುವವರು ಬೇಕೆಂದೇ ಅನ್ನ ನೀರು ಕೊಡದಿರುವುದು, ಊರುಗೋಲು, ಕಿವಿ ಮಿಷನ್ನಿನಂಥ ಸಲಕರಣೆ ಬಳಸದಂತೆ ಮಾಡುವುದು, ಜನರ ಎದುರು ಬೇಕೆಂದೇ ಅವಮಾನ ಮಾಡುವುದು, ಇವೆಲ್ಲ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು, ದಂಡ ಬೇರೆ. ಊರುಗೋಲನ್ನು ಅಟ್ಟದ ಮೇಲೆ ಎಸೆದು "ಈಗ ಹೋಗು ನಿನ್ನ ತವರಿಗೆ" ಎಂದದ್ದನ್ನು ನಮ್ಮ ಬೀದಿಯಲ್ಲೇ ಕೇಳಿದ್ದೇನೆ. ಆಗ ಅದು ಗಂಡ ಹೆಂಡಿರ ಜಗಳ ಎಂದು ನಾವು ಬಾಗಿಲು ಹಾಕಿಕೊಂಡೆವು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವು ಗಂಡಂದಿರು ಇದೇ ಸರ್ಟಿಫಿಕೇಟನ್ನು ನಮ್ಮ ವಿರುದ್ಧ ಬಳಸುತ್ತಾರೆ, ಅದರಲ್ಲೂ ಮನಸ್ಸಿನ ಕಾಯಿಲೆಯದನ್ನು. ಹೊಡೆದು ಹೊಡೆದು ನಿದ್ದೆ ಕೆಡಿಸಿ, ಮಾತ್ರೆ ಚೀಟಿ ಹಿಡಿದು "ಹುಚ್ಚಿ" ಎಂದು ವಿಚ್ಛೇದನಕ್ಕೆ ಹೋಗುತ್ತಾರೆ. ಬರೀ ಕಾಯಿಲೆಯ ಹೆಸರು ಹೇಳಿದರೆ ಸಾಲದು, ಅದು ಜೊತೆಯಲ್ಲಿ ಬಾಳಲಾರದಷ್ಟು ತೀವ್ರವಾಗಿದೆ ಎಂದು ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಚಿಕಿತ್ಸೆ ತೆಗೆದುಕೊಳ್ಳಲು ಹೆದರಬೇಡಿ. ಆದರೆ ನಿಮ್ಮ ಕಾಗದ ನಿಮ್ಮ ಹತ್ತಿರವೇ ಇರಲಿ, ಅವನ ಬೀರುವಿನಲ್ಲಿ ಬೇಡ.

ಕಾಗದ ಎಂದೆ. ಏಟು ಬಿದ್ದ ದಿನವೇ ಆಸ್ಪತ್ರೆಗೆ ಹೋಗಿ. ಹೊಡೆದವರು ಯಾರು ಎಂದು ಬರೆಸಿ, ಗಾಯದ ಪ್ರಮಾಣಪತ್ರ ಕೇಳಿ. ಕಿವಿಗೆ ಬಿದ್ದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಆರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ, ಶಾಶ್ವತ ಎಂದು ತೋರಿಸಲು ಅದು ಬೇಕಾಗುತ್ತದೆ. ಶೇಕಡಾ ಎಷ್ಟೇ ಬರಲಿ, ಬರೆಸಿಕೊಂಡೇ ಬನ್ನಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕೆಳಗೆ ಅರ್ಜಿ ಹಾಕುವಾಗ ಊನದ ವಿಷಯ ಬರೆಯಿರಿ. ಚಿಕಿತ್ಸೆಯ ಖರ್ಚು, ಹೋದ ಸಂಪಾದನೆ, ಪರಿಹಾರ ಇವನ್ನೆಲ್ಲ ಕೇಳುವ ಅವಕಾಶ ಅಲ್ಲಿದೆ. ಅರ್ಜಿಗೆ ಸಿ.ಡಿ.ಪಿ.ಓ. ಕಚೇರಿಯಲ್ಲಿ ಕೇಳಿ. ಸುಟ್ಟ ಗಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಕೊಡಬಹುದು. 2018ರ ಯೋಜನೆಯಲ್ಲಿ ಆಸಿಡ್‌ನ ಜೊತೆಗೆ ಬೆಂಕಿಯ ಹೆಸರೂ ಇದೆ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಫೋನು 15100. ಇನ್ನು, ಅಂಗವಿಕಲ ಹೆಣ್ಣುಮಗಳ ಮೇಲೆ ಹಿಂಸೆ ನಡೆಯುತ್ತಿದೆ ಎಂದು ಗೊತ್ತಾದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಯಾರು ಬೇಕಾದರೂ ತಿಳಿಸಬಹುದು. 7ನೇ ಕಲಮು. ನಮ್ಮ ಸಂಘದವರೂ ತಿಳಿಸಬಹುದು, ಅವಳೇ ಬರಬೇಕೆಂದಿಲ್ಲ.

ನಮ್ಮ ಸಂಘದಲ್ಲಿ ಹೋದ ತಿಂಗಳು ಒಂದು ಠರಾವು ಬರೆದೆವು. ಬೆಂಕಿಯಿಂದ ವಿರೂಪಗೊಂಡವರನ್ನೂ ಪಟ್ಟಿಗೆ ಸೇರಿಸಬೇಕು, ಹಿಂಸೆಯಿಂದ ಹೋದ ಒಂದು ಕಿವಿ, ಒಂದು ಕಣ್ಣನ್ನೂ ಎಣಿಸಬೇಕು ಎಂದು. ಇಪ್ಪತ್ತು ಜನ ಸಹಿ ಮಾಡಿದ್ದೇವೆ. ನಮ್ಮ ತಂಗಿ ಎಡಗೈಯಲ್ಲಿ ಮಾಡಿದ್ದಾಳೆ. ಅದರ ಜೆರಾಕ್ಸ್ ಪ್ರತಿಗಳನ್ನು ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿವೆ. ನಿಮ್ಮ ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿ, ಒಂದು ಪ್ರತಿಯನ್ನು ರಾಜ್ಯದ ಆಯುಕ್ತರಿಗೆ, ಒಂದನ್ನು ನಿಮ್ಮ ಶಾಸಕರಿಗೆ ಕೊಡಿ. ಕಿವಿಯ ತೊಂದರೆ ಇರುವವರು ಊಟ ಆದ ಮೇಲೆ ಸ್ವಲ್ಪ ನಿಲ್ಲಿ, ಪರೀಕ್ಷೆಯ ಕಾಗದ ಹೇಗಿರುತ್ತದೆಂದು ನನ್ನದನ್ನೇ ತೋರಿಸುತ್ತೇನೆ.